ಓದುವಾಗ ಎದ್ದು ಹೋಗುವವರು

ಈ ಕಸುಬಿಗೆ ಬೋರ್ಡು ಹಾಕುವಂತಿಲ್ಲ ನೋಡಿ, ಮೊದಲ ಕಷ್ಟ ಅದೇ. ಬಟ್ಟೆ ಹೊಲಿಯುವವಳು ಬಾಗಿಲ ಮುಂದೆ ಹಲಗೆ ತೂಗುಹಾಕಬಹುದು, ಟ್ಯೂಷನ್ ಹೇಳುವವಳು ಗೇಟಿಗೆ ಚೀಟಿ ಅಂಟಿಸಬಹುದು. ‘ನಿಮ್ಮ ಜೀವನಕಥೆಯನ್ನು ನಿಮ್ಮ ಹೆಸರಿನಲ್ಲೇ ನಾನು ಬರೆದುಕೊಡುತ್ತೇನೆ, ಒಳಗೆ ಬನ್ನಿ’ ಅಂತ ಬರೆದು ಹಾಕಿದರೆ ಯಾವ ದೊಡ್ಡ ಮನುಷ್ಯ ನಮ್ಮ ಮೆಟ್ಟಿಲು ಹತ್ತಿಯಾನು? ಹಾಗಾಗಿ ಬಳ್ಳಾರಿಯ ಗಾಂಧಿನಗರದ ಬಾಡಿಗೆ ಮನೆಯ ನಡುಮನೆಯಲ್ಲಿ ಕೂತು, ಬೇರೆಯವರ ಹೆಸರಿಗೆ ಭಾಷಣ, ಅಭಿನಂದನಾ ಗ್ರಂಥ, ಆತ್ಮಕಥೆ ಬರೆದುಕೊಟ್ಟ ಅಷ್ಟೂ ವರ್ಷ ನಮ್ಮ ಓಣಿಗೆ ನಾನು ಅನುಮಾನದ ಹೆಂಗಸೇ ಆಗಿದ್ದೆ.

ಮನೆ ಓನರಮ್ಮ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು. “ಸರೋಜಕ್ಕಾ, ಬ್ಯಾಸರ ಮಾಡ್ಕಬ್ಯಾಡ. ನಿನ್ನ ಮನಿಗೆ ಕಾರಾಗ ಬರೋರು ಬರುವಾಗ ಮೀಸಿ ತಿರುವಿಕೆಂತ ಬರ್ತಾರ, ಹೋಗುವಾಗ ಕಣ್ಣು ಒರಿಸ್ಕೆಂತ ಹೋಗ್ತಾರ. ಒಳಗ ಏನು ಮಾಡ್ತಿ ಅವ್ರಿಗೆ?”

“ಟೈಪಿಂಗ್ ಮಾಡಿಕೊಡ್ತೀನವ್ವಾ.”

“ಟೈಪಿಂಗ್ ಮಾಡಿಸಾಕ ಬಂದೋರು ಯಾಕ ಅಳ್ತಾರ? ಮುಚ್ಚಿಡಬ್ಯಾಡ, ನಂದೂ ಒಂದೀಟು ನೋಡು” ಅಂತ ಅಂಗೈ ಚಾಚಿ ಕೂತಳು. ನಾನು ಶಾಸ್ತ್ರ ಹೇಳುವವಳು ಅಂತ ಆಕೆಯ ಲೆಕ್ಕ. ಬೇರೆ ದಾರಿ ಕಾಣದೆ ಅಂಗೈ ನೋಡಿ, “ದೀರ್ಘಾಯುಷ್ಯ ಐತಿ” ಅಂದೆ. ಈಗಲೂ ಗಟ್ಟಿಮುಟ್ಟಾಗಿದ್ದಾಳೆ. ಶಾಸ್ತ್ರದವಳು ಅನ್ನುವ ಹೆಸರು ನನಗೆ ಹಾಗೇ ಉಳಿಯಿತು.

ಈಗ ಕಣ್ಣಿಗೆ ಕಂಪ್ಯೂಟರಿನ ಬೆಳಕು ತಡೆಯುವುದಿಲ್ಲ, ಕೆಲಸ ಬಿಟ್ಟಿದ್ದೇನೆ. ಆದರೂ ಎಳೆಯ ಹುಡುಗ ಹುಡುಗಿಯರು ಯಾರ್ಯಾರದೋ ಕಡೆಯಿಂದ ನಂಬರು ಹಿಡಿದು ಫೋನು ಮಾಡುತ್ತಾರೆ. “ಮನೆಯಿಂದಲೇ ಈ ಕೆಲಸ ಶುರು ಮಾಡಬೇಕು ಅಂತಿದ್ದೀವಿ ಅಮ್ಮಾ, ಏನೇನು ಬೇಕು?” ಲ್ಯಾಪ್‌ಟಾಪು ಯಾವ ಕಂಪನಿಯದು, ಆ್ಯಪು ಯಾವುದು ಅಂತ ಕೇಳುತ್ತಾರೆ. ನಾನು ಹೇಳುವುದು ಒಂದೇ. ಅವೆಲ್ಲ ಆಮೇಲೆ ಕೊಳ್ಳಿರಿ, ಮೊದಲು ಒಂದಿಷ್ಟು ಅನುಮಾನ ಸಾಕಿಕೊಳ್ಳಿ. ಬಂದವರ ಮೇಲೆ, ಬಂದವರ ಜೊತೆ ಬಂದವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಕೈಯಿಂದ ಸಲೀಸಾಗಿ ಇಳಿದ ಚಂದದ ವಾಕ್ಯದ ಮೇಲೆ.

ಈ ಪಾಠ ನನಗೆ ಮೊದಲು ಹೇಳಿದವರು ಕೌಲ್ ಬಜಾರಿನ ಪ್ರೆಸ್ಸಿನ ಮಾಲೀಕರು ಖಾದರ್ ಸಾಹೇಬರು. ಅಲ್ಲಿ ನಾನು ಕರಡು ತಿದ್ದುತ್ತಿದ್ದೆ. ತಪ್ಪು ಕಂಡಲ್ಲೆಲ್ಲ ಕೆಂಪು ಗೀಟು ಎಳೆದು ಹೆಮ್ಮೆಯಿಂದ ಮುಂದಿಟ್ಟರೆ ಸಾಹೇಬರು ಎಲೆ ಅಡಿಕೆ ಜಗಿಯುತ್ತಾ, “ಬೇಟಿ, ಅಕ್ಷರ ತಿದ್ದೋದು ಯಾರಿಗಾದ್ರೂ ಬರತೈತಿ. ಈ ಮಾತು ಖರೇನ ಈ ಮನುಷ್ಯಾನ ಬಾಯಾಗಿಂದ ಬಂತೇನು ಅಂತ ಕೇಳ್ಕ ಮೊದಲು” ಅನ್ನುತ್ತಿದ್ದರು. ಫ್ಲೆಕ್ಸ್ ಅಂಗಡಿಗಳು ಓಣಿಗೊಂದು ಎದ್ದ ಮೇಲೆ ಅವರ ಪ್ರೆಸ್ಸು ಮುಚ್ಚಿತು. ಪ್ರೆಸ್ಸಿಗೆ ಬರುತ್ತಿದ್ದವರೇ, “ನಮ್ಮ ಭಾಷಣ ಒಂದಿಷ್ಟು ಸರಿ ಮಾಡಿಕೊಡ್ರಿ” ಅಂತ ನನ್ನ ಮನೆ ಹುಡುಕಿಕೊಂಡು ಬಂದರು. ಸರಿ ಮಾಡಲು ಹೋದರೆ ಉಳಿಸಿಕೊಳ್ಳುವಂಥದ್ದು ಏನೂ ಇರುತ್ತಿರಲಿಲ್ಲ. ಹೊಸದಾಗಿಯೇ ಬರೆದೆ. ಕಸುಬು ಹಾಗೆ ಶುರುವಾಯಿತು.

ಬರೆಯುವ ಭಾಷೆ ಮಾತ್ರ ಶಾಲೆಯದಲ್ಲ, ನನ್ನ ಅಜ್ಜಿಯದು. ಅಜ್ಜಿ ಕಟ್ಟೆಯ ಮೇಲೆ ಕೂತು ಕಥೆ ಶುರು ಮಾಡಿದಳೆಂದರೆ ಹಾಲು ಕರೆಯಲು ಹೋಗುವವರು ಚೊಂಬು ಹಿಡಿದು ನಿಂತುಬಿಡುತ್ತಿದ್ದರು. ಆಕೆ ಹೇಳಿಕೊಟ್ಟ ಒಂದು ಗುಟ್ಟು ಕಸುಬಿನ ಉದ್ದಕ್ಕೂ ನನ್ನ ಕೈಹಿಡಿಯಿತು. “ಕಥಿ ಹೇಳೋರ ಬಾಯಿ ನೋಡಬ್ಯಾಡಲೇ ಹುಡುಗಿ. ಕೇಳೋರಾಗ ಯಾರು ಎದ್ದು ಹೋಗ್ತಾರ ನೋಡು. ಸುಳ್ಳು ಬಂತಂದ್ರ ಕುಂತ ಜಾಗ ಸುಡತೈತಿ.”

ಅದಕ್ಕೇ ನನ್ನದೊಂದು ಪದ್ಧತಿ. ಬರೆದ ಹಾಳೆಯನ್ನು ಸುಮ್ಮನೆ ಕಳಿಸುತ್ತಿರಲಿಲ್ಲ. ಬರೆಸಿದವರ ಮನೆಗೇ ಹೋಗಿ, ಮನೆಮಂದಿಯನ್ನೆಲ್ಲ ಕೂರಿಸಿ, ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಓದುತ್ತಾ ಕಣ್ಣಂಚಿನಲ್ಲಿ ನೋಡುತ್ತಿದ್ದೆ. ಯಾವ ಮಾತಿಗೆ ಯಾರು ನೀರು ಕುಡಿಯಲು ಎದ್ದರು, ಯಾರಿಗೆ ಇದ್ದಕ್ಕಿದ್ದಂತೆ ಫೋನು ಬಂತು. ಎದ್ದ ಜಾಗದಲ್ಲಿ ಒಂದು ಚುಕ್ಕೆ ಇಟ್ಟುಕೊಂಡರೆ ಆಯಿತು, ತಿದ್ದುವುದು ಎಲ್ಲಿ ಅಂತ ತಾನಾಗಿ ತಿಳಿಯುತ್ತಿತ್ತು.

ಅಜ್ಜಿಯ ಭಾಷೆ ಒಮ್ಮೆ ಮಾನವನ್ನೂ ಕಳೆದಿದೆ. ಒಂದು ಸಂಘದ ಚುನಾವಣೆಗೆ ನಿಂತ ಇಬ್ಬರು ಎದುರಾಳಿಗಳು ಒಬ್ಬರಿಗೊಬ್ಬರು ಗೊತ್ತಾಗದಂತೆ ನನ್ನಿಂದಲೇ ಭಾಷಣ ಬರೆಸಿದರು. ಯಾರು ಎಲ್ಲಿ ನಿಂತಿದ್ದಾರೆ ಅಂತ ಕೇಳುವ ಬುದ್ಧಿ ಆಗ ನನಗೂ ಇರಲಿಲ್ಲ. ಮೊದಲನೆಯವರು ಮೈಕಿನ ಮುಂದೆ ನಿಂತು, “ಎತ್ತು ತೂಕಡಿಸಿದ್ರ ಬಂಡಿ ಪರವೂರಿಗೆ ಹೋಗತೈತಿ ಅಂತ ನಮ್ಮಜ್ಜಿ ಹೇಳ್ತಿದ್ಲು” ಅಂದರು. ಚಪ್ಪಾಳೆ ಬಿತ್ತು. ಎರಡನೆಯವರು ಎದ್ದರು. ಅವರ ಅಜ್ಜಿಯೂ ಅದನ್ನೇ ಹೇಳುತ್ತಿದ್ದಳು. ಸಭೆಯ ಹಿಂದಿನಿಂದ ಯಾರೋ ಕೂಗಿದರು, “ಏನ್ರಲೇ, ಇಬ್ರದೂ ಒಬ್ಬಾಕಿನ ಅಜ್ಜಿ ಏನು? ಹಂಗಾದ್ರ ಅಣ್ಣತಮ್ಮರಾತು, ಎಲೆಕ್ಷನ್ ಯಾಕ?” ನನ್ನ ಅಜ್ಜಿ ಸ್ವರ್ಗದಲ್ಲಿ ಎಷ್ಟು ನಕ್ಕಳೋ. ಅಂದಿನಿಂದ ಯಾರಾದರೂ ಬಂದರೆ ಮೊದಲು ಅವರ ಎದುರಾಳಿ ಯಾರು ಅಂತ ಕೇಳಿಕೊಳ್ಳುತ್ತಿದ್ದೆ.

ಕೆಲಸದ ರೀತಿ ಎಷ್ಟೋ ಬದಲಾಯಿತು. ಮೊದಲು ಕೂತು ಬರೆದುಕೊಳ್ಳುತ್ತಿದ್ದೆ, ಆಮೇಲೆ ಟೇಪ್‌ರೆಕಾರ್ಡರು ಬಂತು, ಆಮೇಲೆ ವಾಟ್ಸ್ಆ್ಯಪಿನಲ್ಲಿ ಜನ ತಮ್ಮ ಬಾಲ್ಯವನ್ನು ಕಾರು ಓಡಿಸುತ್ತಲೇ ಹೇಳಿ ಕಳಿಸತೊಡಗಿದರು, ನಡುನಡುವೆ ಹಾರ್ನು. ಕೊನೆಕೊನೆಗೆ ಹೊಸ ಅನುಮಾನ ಒಂದು ಹುಟ್ಟಿತು. ರಿಟೈರಾದ ಇಂಜಿನಿಯರೊಬ್ಬರು ಅಧ್ಯಾಯ ಓದಿಸಿಕೊಂಡು, “ಅಮ್ಮಾರ, ನಮ್ಮ ಅಳಿಯ ಫೋನಿನಾಗ ಹಾಕಿ ನೋಡಿದ. ಇದು ಮಿಷಿನ್ನು ಬರದಿದ್ದಂತ” ಅಂದರು.

ನನಗೆ ಸಿಟ್ಟು ಬಂತು. “ನಿಮ್ಮ ಅತ್ತಿಯವ್ರು ನಿಮಗ ಮದುವಿ ದಿನ ಬೈದ ಬೈಗುಳ ಎಂಟನೇ ಪುಟದಾಗ ಐತಲ್ರಿ, ಅದು ಮಿಷಿನ್ನಿಗೆ ಯಾರು ಹೇಳಿದ್ರು?”

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: “ಅದನ್ನೂ ಬರಿಸೀರೇನು?” ಇಂಜಿನಿಯರಿಗೆ ಆಮೇಲೆ ಮಿಷಿನ್ನಿನ ಚಿಂತೆ ಉಳಿಯಲಿಲ್ಲ.

ಇಷ್ಟು ಹೇಳಿದ್ದು ಮುಂದಿನ ಮಾತಿಗೆ ದಾರಿಯಾಗಲಿ ಅಂತ. ಸಿರುಗುಪ್ಪದ ರುದ್ರಗೌಡರ ಪುಸ್ತಕದ ಕೆಲಸ ನನ್ನ ಅನುಮಾನಕ್ಕೆ ಬಿದ್ದ ದೊಡ್ಡ ಪರೀಕ್ಷೆ.

ಗೌಡರದು ಅಕ್ಕಿ ಗಿರಣಿ, ಗಿರಣಿಯ ಹಿಂದೆಯೇ ಮನೆ. ಕರೂರಿನಲ್ಲಿ ಕಾಲುವೆ ನೀರಿನ ಗದ್ದೆ. ಎಪ್ಪತ್ತೈದು ತುಂಬುವ ಹೊತ್ತಿಗೆ ನೆಂಟರು, ಊರಿನ ಹಿರಿಯರನ್ನೆಲ್ಲ ಕರೆದು ಸಮಾರಂಭ ಮಾಡಿ, ಅಪ್ಪನ ಆತ್ಮಕಥೆಯನ್ನು ಬಿಡುಗಡೆ ಮಾಡಬೇಕು ಅಂತ ಮಗ ಮಂಜುನಾಥ ನನ್ನ ಹತ್ತಿರ ಬಂದ. ಮನೆಯಲ್ಲಿ ಅವನನ್ನು ಮಂಜಣ್ಣ ಅನ್ನುತ್ತಿದ್ದರು. ಒಬ್ಬಳು ತಂಗಿ ಶಾಂತಾ, ಕುರುಗೋಡಿಗೆ ಕೊಟ್ಟಿದ್ದರು.

ಮೊದಲ ದಿನವೇ ಮಂಜಣ್ಣನ ಮೇಲೆ ನನ್ನ ಅನುಮಾನದ ಕಣ್ಣು ಬಿತ್ತು. ಅಪ್ಪನನ್ನು ಒಂದು ಪ್ರಶ್ನೆ ಕೇಳಿದರೆ ಉತ್ತರ ಮಗನಿಂದ ಬರುತ್ತಿತ್ತು.

“ಅಪ್ಪಗ ಮರವು ಜಾಸ್ತಿ ಆಗೇತಿ ಅಮ್ಮಾರ. ನಾ ಹೇಳ್ತೀನಿ, ಬರ್ಕರ್ರಿ.”

ಗೌಡರು ಸುಮ್ಮನೆ ನಗುತ್ತಿದ್ದರು. ಮಗ ಗಿರಣಿಯ ಕಡೆ ಹೋದ ಕೂಡಲೇ ಶುರು ಮಾಡಿದರು: “ಕಾಲುವಿಗೆ ಮೊದಲ ನೀರು ಬಂದಾಗ ನಮ್ಮಪ್ಪ ನನ್ನ ಹೆಗಲ ಮ್ಯಾಲೆ ಹೊತ್ಕಂಡು ಹೋಗಿ ತೋರಿಸಿದ್ದ. ನೀರಿನ ಬಣ್ಣ ಚಾದ ಬಣ್ಣ ಇತ್ತು. ನಮ್ಮಪ್ಪನ ಕಿವಿ ಹಿಡ್ಕಂಡು ಕುಂತಿದ್ದೆ, ಕಿವಿ ಬೆವತಿತ್ತು.” ಅಪ್ಪನ ಕಿವಿಯ ಬೆವರು ನೆನಪಿರುವ ಮನುಷ್ಯನಿಗೆ ಎಂಥ ಮರೆವು? ಮನಸ್ಸಿನಲ್ಲಿ ಒಂದು ಚುಕ್ಕೆ ಇಟ್ಟುಕೊಂಡೆ.

ಮೊದಲ ಓದಿನ ದಿನ ಇನ್ನೊಂದು ಚುಕ್ಕೆ ಬಿತ್ತು. ಗೌಡರು ಗಿರಣಿ ಕಟ್ಟಿದ್ದು, ನೆರೆ ಬಂದಾಗ ಊರಿಗೆ ಅನ್ನ ಹಾಕಿದ್ದು ಓದುತ್ತಿದ್ದೆ. ಅವರ ಹೆಂಡತಿ ಗಂಗಮ್ಮ ಎದ್ದು ಅಡುಗೆಮನೆಗೆ ಹೋದರು. ಬಂದು ಕೂತರು. ಗೌಡರ ದೊಡ್ಡತನದ ಮಾತು ಬಂತು, ಮತ್ತೆ ಎದ್ದು ಹೋದರು. ಅಜ್ಜಿಯ ಮಾತಿನ ಪ್ರಕಾರ ಇಡೀ ಅಧ್ಯಾಯವೇ ಸುಳ್ಳು! ಕಟ್ಟಿಕೊಂಡವಳೇ ಕೇಳಲಾರದೆ ಏಳುತ್ತಿದ್ದಾಳೆ ಅಂದರೆ ಈ ಗೌಡರು ಅನ್ನ ಹಾಕಿದವರಂತೂ ಅಲ್ಲ, ಯಾರದೋ ಅನ್ನ ಕಸಿದವರೇ ಇರಬೇಕು ಅಂತ ಬಸ್ಸಿನಲ್ಲಿ ಬಳ್ಳಾರಿ ಮುಟ್ಟುವವರೆಗೂ ಯೋಚಿಸಿದೆ.

ಎರಡನೇ ಓದಿನಲ್ಲಿ ಅವರು ಎದ್ದ ಕೂಡಲೇ, “ಒಂದೀಟು ನೀರು ಕುಡಿದು ಬರ್ತೀನಿ” ಅಂತ ಹಿಂದೆಯೇ ಹೋದೆ. ಗಂಗಮ್ಮ ಒಲೆಯ ಪಕ್ಕ ಮುಷ್ಟಿ ಬಿಗಿಹಿಡಿದು ನಿಂತಿದ್ದರು. ಮುಷ್ಟಿಯಲ್ಲಿ ಹರಳುಪ್ಪು, ಒಣಮೆಣಸಿನಕಾಯಿ.

“ಏನವ್ವಾ ಇದು?”

“ಮತ್ತ? ಅವ್ರನ್ನ ನೀವು ಅಷ್ಟು ಹೊಗಳಿ ಓದಾಕತ್ತೀರಿ, ದೃಷ್ಟಿ ತಾಗಂಗಿಲ್ಲೇನ್ರಿ? ನಿಮ್ಮ ಓದು ಮುಗೀಲಿ ಅಂತ ಹಿಡ್ಕಂಡು ನಿಂತೀನಿ. ಮರಿತೀನೇನೋ ಅಂತ ಹೊಗಳಿಕಿ ಬಂದಾಗೊಮ್ಮೆ ಬಂದು ಒಂದೊಂದು ಕಾಯಿ ಜಾಸ್ತಿ ಮಾಡ್ತೀನಿ.”

ಓದು ಮುಗಿದ ಮೇಲೆ ಗೌಡರ ಮುಂದೆ ನಿಂತು ಮುಷ್ಟಿ ನಿವಾಳಿಸಿದರು. “ನಾಯಿ ಕಣ್ಣು, ನರಿ ಕಣ್ಣು, ಬರೋರ ಕಣ್ಣು, ಹೋಗೋರ ಕಣ್ಣು...” ಅನ್ನುವಾಗ ‘ಬರೋರ ಕಣ್ಣು’ ಅಂತ ನನ್ನ ಕಡೆಯೇ ನೋಡಿದಂತೆ ನನಗೆ ಅನುಮಾನ. ಹಿತ್ತಲ ನೀರೊಲೆಯ ಕೆಂಡಕ್ಕೆ ಸುರಿದರು. ಎಂಥ ಘಾಟು ಅಂತೀರಿ! ಗೌಡರು, ಮಂಜಣ್ಣ, ನಾನು, ಅಂಗಳದಲ್ಲಿ ಭತ್ತ ಹರವುತ್ತಿದ್ದ ಹೆಣ್ಣುಮಕ್ಕಳು, ಎಲ್ಲರೂ ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದೆವು. ಗಂಗಮ್ಮ ಮಾತ್ರ ಸೆರಗು ಮೂಗಿಗೆ ಹಿಡಿದು ನಕ್ಕರು. “ಘಾಟು ಬಂತು, ದೃಷ್ಟಿ ಇಲ್ಲ ಬಿಡ್ರಿ. ದೃಷ್ಟಿ ಇದ್ದರ ಕಾಯಿ ಸುಟ್ಟರೂ ಘಾಟು ಏಳಂಗಿಲ್ಲ.” ನನ್ನ ಅನುಮಾನ ಆ ಘಾಟಿನಲ್ಲೇ ಹಾರಿಹೋಯಿತು. ಇನ್ನು ನೆಮ್ಮದಿಯಿಂದ ಮುಗಿಸಬಹುದು ಅಂದುಕೊಂಡೆ.

ಅದಾದ ಮೇಲೆ ಮಂಜಣ್ಣನಿಂದ ವಾಟ್ಸ್ಆ್ಯಪಿನಲ್ಲಿ ಒಂದು ಧ್ವನಿಸಂದೇಶ ಬಂತು. ಮಕ್ಕಳ ಅಧ್ಯಾಯದಲ್ಲಿ ಒಂದು ಮಾತು ಸೇರಿಸಬೇಕಂತೆ. ಅಪ್ಪ ತನ್ನ ಮುಂದೆ ಹೇಳಿದ್ದಂತೆ. ‘ನನ್ನ ಮಗಳು ಶಾಂತಾ ಉಡಿ ತುಂಬಿಸಿಕೊಂಡು, ತವರು ತಣ್ಣಗಿರಲಿ, ಕರೂರಿನ ಗದ್ದೆಯಲ್ಲಿ ನನಗೇನೂ ಬೇಡ ಎಂದು ಸಂತೋಷದಿಂದ ಎಲ್ಲವನ್ನೂ ಅಣ್ಣನಿಗೆ ಬಿಟ್ಟುಕೊಟ್ಟಳು.’

ಪುಸ್ತಕದ ಅವಸರ ಯಾಕೆ, ಅಪ್ಪನಿಗೆ ಮರೆವು ಅಂತ ಮೊದಲೇ ಸಾರಿದ್ದು ಯಾಕೆ, ಊರ ಹಿರಿಯರನ್ನೆಲ್ಲ ಕರೆಯುವುದು ಯಾಕೆ, ಒಂದೊಂದೇ ಬಿಚ್ಚಿಕೊಂಡಿತು. ಹತ್ತು ಮಂದಿಯ ಮುಂದೆ ಅಪ್ಪನ ಕೈಯಿಂದ, ಅಪ್ಪನ ಹೆಸರಿನ ಪುಸ್ತಕ ಬಿಡುಗಡೆ. ಅದರಲ್ಲಿ ಈ ಮಾತು. ಹಾರ ತುರಾಯಿಯ ನಡುವೆ ತಂಗಿ ಎದ್ದು ನಿಂತು ‘ನಾನು ಹೀಗೆ ಅಂದಿಲ್ಲ’ ಅಂದಾಳೇ? ಅವತ್ತು ಸುಮ್ಮನಿದ್ದವಳು ನಾಳೆ ಪಾಲು ಕೇಳಿದರೆ, ‘ಅಪ್ಪನೇ ಬರೆದಾನಲ್ಲ’ ಅನ್ನಲು ಊರಿಗೆ ಊರೇ ಇರುತ್ತದೆ. ಅಪ್ಪ ಬರೆದದ್ದೆಂದರೆ ನಾನು ಬರೆದದ್ದು.

ಗೌಡರನ್ನೇ ಕೇಳೋಣ ಅಂದರೆ ಅವರ ಫೋನು ಎತ್ತುವವನು ಮಂಜಣ್ಣ. ಶಾಂತಾಗೆ ಹೇಳೋಣ ಅಂದರೆ ಒಬ್ಬರು ಬರೆಸಿದ್ದನ್ನು ಇನ್ನೊಬ್ಬರಿಗೆ ಬಾಯಿಬಿಟ್ಟರೆ ನಮ್ಮ ಕಸುಬು ಅಲ್ಲಿಗೆ ಮುಗಿಯಿತು. ಅಪ್ಪನ ಮುದ್ದಿನ ಮಗಳ ಬಾಲ್ಯದ ಒಂದೆರಡು ಸಂಗತಿ ಬೇಕು ಅನ್ನುವ ನೆಪ ಮಾಡಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ.

ಶಾಂತಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು. “ನಮ್ಮಣ್ಣ ಕಳಿಸಿದನೇನ್ರಿ?”

“ಇಲ್ಲವ್ವಾ, ನಾನಾಗೇ ಬಂದೆ.”

“ತಾನಾಗೇ ಯಾರೂ ಬರಂಗಿಲ್ರಿ ಈಗ. ಎಲ್ಲ್ಯರ ಸಹಿ ಹಾಕೋದಿದ್ರ ಮೊದಲ ಹೇಳ್ರಿ, ನಮ್ಮನಿಯವ್ರು ಬರಲಿ.”

ನನ್ನ ಚೀಲವನ್ನೂ ಒಮ್ಮೆ ನೋಡಿದಳು. ನಾನು ಚೀಲ ಬಾಯಿ ಬಿಚ್ಚಿ ತೋರಿಸಿದೆ: ಕನ್ನಡಕ, ನೀರಿನ ಬಾಟಲಿ, ಬಾಳೆಹಣ್ಣು. ಆಗ ನಕ್ಕು ಒಳಗೆ ಕರೆದಳು. ಮಂಡಕ್ಕಿ ಒಗ್ಗರಣೆ ಹಾಕಿ ಕೊಟ್ಟಳು. ಅಪ್ಪ ತನ್ನನ್ನು ಸೈಕಲ್ಲಿನ ಮೇಲೆ ಗದ್ದೆಗೆ ಕರೆದೊಯ್ಯುತ್ತಿದ್ದುದು, ಬದುವಿನ ಮೇಲೆ ಕೂತು ಬುತ್ತಿ ಉಂಡದ್ದು ಎಲ್ಲ ಹೇಳಿದಳು. ಹೊರಡುವಾಗ ಮೆಲ್ಲಗೆ ಕೇಳಿದೆ: “ಈ ಪಂಚಮಿಗೆ ತವರಿಗೆ ಹೋಗಿದ್ರೇನವ್ವಾ?”

“ಹೋಗಿದ್ದೆ ಅಲ್ರೀ. ಅವ್ವ ಉಡಿ ತುಂಬಿದ್ಲು.”

“ಉಡಿ ತುಂಬಿಸ್ಕಂಡು ಏನಂದ್ರಿ?”

ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. “ಏನಂತಾರ್ರೀ? ಎಲ್ಲರೂ ಅನ್ನೋದ. ತವರು ತಣ್ಣಗಿರಲಿ ಅಂದೆ.”

“ಕಡೀ ಓದಿಗೆ ಮನಿಮಂದಿ ಎಲ್ಲಾ ಇರಬೇಕವ್ವಾ, ಅದು ನನ್ನ ಪದ್ಧತಿ. ನೀವೂ ಬರ್ರಿ” ಅಂತಷ್ಟೇ ಹೇಳಿ ಬಂದೆ.

ಮಂಜಣ್ಣ ಫೋನಿನಲ್ಲಿ ಹಾರಾಡಿದ. “ಆಕಿ ಯಾಕ್ರಿ? ಓದೋದೂ ಬ್ಯಾಡ ಏನೂ ಬ್ಯಾಡ. ಪೆನ್‌ಡ್ರೈವಿನಾಗ ಹಾಕಿ ಕಳಿಸ್ರಿ, ಪ್ರೆಸ್ಸಿನವ್ರು ಕಾಯಾಕತ್ಯಾರ.”

“ಓದಿ ಹೇಳದ ಪುಸ್ತಕ ನನ್ನ ಮನಿ ಹೊಸ್ತಿಲು ದಾಟಂಗಿಲ್ಲಪ್ಪ. ಮೊದಲ ದಿನಾನ ಹೇಳಿದ್ದೆ.”

ದನಿ ಇಳಿಸಿ, “ನಿಮಗ ಯಾರರ ಏನರ ಹೇಳ್ಯಾರೇನು?” ಅಂದ.

“ನನಗ ಹೇಳಿದೋನು ನೀನ ಅಲ್ಲೇನು” ಅಂದೆ.

ಕಡೆಯ ಓದಿಗೆ ಗೌಡರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಕೂತಿದ್ದರು. ಪಕ್ಕದಲ್ಲಿ ಗಂಗಮ್ಮ, ಎದುರಿಗೆ ಶಾಂತಮ್ಮ, ತಲೆಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಮಂಜಣ್ಣ. ಅಪ್ಪನ ಹೆಗಲ ಮೇಲಿನ ಕಾಲುವೆ ನೀರು ಬಂತು, ಶಾಂತಮ್ಮನ ಸೈಕಲ್ಲು ಬಂತು, ತಂದೆ ಮಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆಮೇಲೆ ಆ ಮಾತು ಬಂತು. ಮಂಜಣ್ಣ ಕಳಿಸಿದ್ದನ್ನು ಒಂದಕ್ಷರ ಬಿಡದೆ, ದನಿ ಏರಿಸದೆ ಇಳಿಸದೆ ಓದಿದೆ.

ಒಬ್ಬರೂ ಏಳಲಿಲ್ಲ. ಅಜ್ಜಿಯ ಲೆಕ್ಕ ತಪ್ಪಿತ್ತು. ಶಾಂತಮ್ಮ ಅಪ್ಪನನ್ನು ನೋಡುತ್ತಿದ್ದಳು. ಅಪ್ಪನೇ ಹೀಗೆ ಬರೆಸಿದ್ದಾನೆ ಅಂತ ಅವಳು ನಂಬಿಬಿಟ್ಟಳು ಅನ್ನುವುದು ಆ ನೋಟದಲ್ಲೇ ಕಂಡಿತು.

ಗೌಡರು ಅಂದರು, “ಇನ್ನೊಮ್ಮಿ ಓದ್ರಿ.”

ಓದಿದೆ.

“ಇದು ಯಾರಂದ ಮಾತು?”

ಈ ಪ್ರಶ್ನೆಗೆ ನಮ್ಮ ಕಸುಬಿನಲ್ಲಿ ಉತ್ತರ ಒಂದೇ. ‘ನೀವೇ ಅಂದಿದ್ದು.’ ಅದನ್ನು ಅಷ್ಟು ವರ್ಷ, ಅಷ್ಟು ಮನೆಗಳಲ್ಲಿ ಹೇಳಿ ನಾಲಿಗೆಗೆ ರೂಢಿಯಾಗಿತ್ತು.

“ಗೌಡ್ರೇ, ಈ ಪುಸ್ತಕದಾಗ ಉಳಿದಿದ್ದೆಲ್ಲ ನಿಮ್ಮ ಬಾಯಿಂದ ನಾನು ಕಿವಿಯಾರೆ ಕೇಳೀನಿ. ಇದೊಂದು ಮಾತು ಕೇಳಿಲ್ಲ.”

ಮಂಜಣ್ಣ ಕುರ್ಚಿಯಿಂದ ಮುಂದೆ ಬಾಗಿದ. “ಅಪ್ಪಾ, ಮರ್ತಿದ್ದೀ ನೀನು. ಪಂಚಮಿ ದಿನ ಆಕಿ ಅಂದಿದ್ದು ನೀನ ಹೇಳಿದ್ದಿ.”

“ತವರು ತಣ್ಣಗಿರಲಿ ಅಂದ್ಲು ಅಂತ ಹೇಳೀನಿ. ಮುಂದಿಂದು ಎಲ್ಲಿಂದ ಬಂತಲೇ?”

“ಉಡಿ ತುಂಬಿಸ್ಕಂಡು ಹಂಗಂದ್ರ ಅದರ ಅರ್ಥ ಅದ ಅಲ್ಲೇನು? ಊರಾಗ ಯಾರನ್ನ ಬೇಕಾದ್ರ ಕೇಳು. ಉಡಿ ತುಂಬಿದ್ರ ಹೆಣ್ಣುಮಗಳ ಪಾಲು ಮುಗೀತು.”

ಶಾಂತಮ್ಮ ಅಣ್ಣನ ಕಡೆ ತಿರುಗಿದಳು. “ತವರು ತಣ್ಣಗಿರಲಿ ಅಂದಿದ್ದೆ ಅಣ್ಣಾ. ಇವತ್ತೂ ಅಂತೀನಿ. ಹಂಗಂದಾಕಿನ್ನ ತವರಿಗೆ ಹೊರಗಿನಾಕಿ ಅಂತ ಬರಸ್ತೀಯೇನು?”

ಗೌಡರು ಮಗನ ಕಡೆ ನೋಡದೆ ನನಗೆ ಹೇಳಿದರು. “ಅಮ್ಮಾರ, ಮಗಳು ಅಂದಷ್ಟು ಇಡ್ರಿ, ಉಳಿದಿದ್ದು ತೆಗೀರಿ. ಗದ್ದಿ ಮಾತು ಪುಸ್ತಕದಾಗ ಬ್ಯಾಡ. ನಾ ಇನ್ನೂ ಬದುಕಿ ಕುಂತೀನಿ. ಇಬ್ರನ್ನೂ ಕರ್ಕಂಡು ಹೋಗಿ ಇಬ್ರ ಹೆಸರಿಗೂ ಮಾಡಸ್ತೀನಿ.”

ಹಾಗೇ ಮಾಡಿಸಿದರು. ಅದನ್ನು ಶಾಂತಮ್ಮನೇ ಆಮೇಲೆ ಫೋನು ಮಾಡಿ ಹೇಳಿದಳು. ಪುಸ್ತಕವೂ ಬಂತು, ನನ್ನ ಹೆಸರು ಎಲ್ಲೂ ಇಲ್ಲದಂತೆ, ಇರಬೇಕಾದ ಹಾಗೆ. ಮಂಜಣ್ಣ ಮಾತ್ರ ಆಮೇಲೆ ಯಾರಿಗೂ ನನ್ನ ನಂಬರು ಕೊಡಲಿಲ್ಲ. ಸಿರುಗುಪ್ಪದ ಕಡೆಯ ಕೆಲಸ ನನಗೆ ಅಲ್ಲಿಗೆ ನಿಂತಿತು.

ಆದರೆ ಆ ದಿನದ ಓದು ಅಷ್ಟಕ್ಕೇ ಮುಗಿಯಲಿಲ್ಲ. ಗೌಡರ ಮಾತು ಮುಗಿದದ್ದೇ ಗಂಗಮ್ಮ ಎದ್ದು ಅಡುಗೆಮನೆಗೆ ಹೋದರು. ಮುಷ್ಟಿ ಬಿಗಿಹಿಡಿದು ಬಂದರು. ಗೌಡರು ರೂಢಿಯಂತೆ ಪಂಚೆ ಸರಿಮಾಡಿಕೊಂಡು ನೆಟ್ಟಗೆ ಕೂತರು. ಗಂಗಮ್ಮ ಅವರನ್ನು ದಾಟಿ ಹೋಗಿ ಮಗಳ ಮುಂದೆ ನಿಂತರು. ತಲೆಯಿಂದ ಕಾಲಿನವರೆಗೆ ಮುಷ್ಟಿ ನಿವಾಳಿಸಿದರು.

“ನಾಯಿ ಕಣ್ಣು, ನರಿ ಕಣ್ಣು, ಬರೋರ ಕಣ್ಣು, ಹೋಗೋರ ಕಣ್ಣು” ಅಂದು ಒಂದು ಗಳಿಗೆ ತಡೆದರು. “ಮನಿಯೋರ ಕಣ್ಣು” ಅಂತ ಸೇರಿಸಿದರು.

ಹಿತ್ತಲಿಗೆ ಹೋಗಿ ಕೆಂಡಕ್ಕೆ ಸುರಿದರು. ಉಪ್ಪು ಚಟಚಟ ಸಿಡಿಯುವುದು ನಡುಮನೆಗೆ ಕೇಳಿಸಿತು. ಗೌಡರು ಶಲ್ಯವನ್ನು ಮೂಗಿಗೆ ಹಿಡಿದರು, ನಾನು ಸೆರಗು ಹಿಡಿದೆ. ಹಿಡಿದುಕೊಂಡೇ ಕೂತೆವು. ಸುಟ್ಟ ಮೆಣಸಿನಕಾಯಿಯ ಹೊಗೆ ತೆಳ್ಳಗೆ ಹಿತ್ತಲ ಬಾಗಿಲಲ್ಲಿ ಕಾಣಿಸಿತು. ಘಾಟು ಮಾತ್ರ ಬರಲೇ ಇಲ್ಲ.

ನಾವು ಯಾರೂ ಕೆಮ್ಮಲಿಲ್ಲ. ಆಗ, ಹೊಗೆಗೆ ಎಲ್ಲರಿಗಿಂತ ದೂರ, ತಲೆಬಾಗಿಲ ಹತ್ತಿರ ಕೂತಿದ್ದ ಮಂಜಣ್ಣ ಒಬ್ಬನೇ, ಗಟ್ಟಿಯಾಗಿ ಕೆಮ್ಮಿದ.